ಹಿಡಿಸೂಡಿ ಕಡ್ಡಿ ತೂರದ ದವಡೆ

ಈ ವಸ್ತುವಿಗೆ ನಾನು ಕೊಟ್ಟಿರುವುದು 5ರಲ್ಲಿ 3 ನಕ್ಷತ್ರ. ಅದರಲ್ಲಿ ಒಂದು ಪೊಟ್ಟಣ ಕಟ್ಟಿದವರಿಗೆ ಸಲ್ಲಬೇಕು. ಮಂಗಳೂರಿನ ಜುಲೈ ಮಳೆಯಲ್ಲಿ ಗೇಟಿನ ಹೊರಗೆ ಎರಡು ಗಂಟೆ ನೆನೆದು ಕುಳಿತ ಪೆಟ್ಟಿಗೆಯೊಳಗೆ ಒಂದು ಹನಿ ನೀರೂ ಇಳಿದಿರಲಿಲ್ಲ.

ವಸ್ತು ಯಾವುದೆಂದರೆ, ಮನುಷ್ಯನ ಕೆಳದವಡೆಯ ಪ್ಲಾಸ್ಟಿಕ್ ಮಾದರಿ. ಬೆಲೆ 2,340 ರೂಪಾಯಿ, ನನ್ನದೇ ಜೇಬಿನಿಂದ. ಮಾರಿದವರ ಹೆಸರು ಬರೆಯುವುದಿಲ್ಲ. ನಾನು ಇದುವರೆಗೆ ನೋಡಿದ ಮೂರು ನಾಲ್ಕು ಕಂಪನಿಗಳ ದವಡೆಗಳು ಅಣ್ಣತಮ್ಮಂದಿರಂತೆ ಇದ್ದವು, ಪೆಟ್ಟಿಗೆಯ ಮೇಲಿನ ಅಕ್ಷರಗಳಷ್ಟೇ ಬೇರೆ. ಹಾಗಾಗಿ ದೂರು ಒಬ್ಬರ ಮೇಲೆ ಅಲ್ಲ.

ನಾನು ದಂತವೈದ್ಯಕೀಯ ಕಾಲೇಜೊಂದರಲ್ಲಿ 22 ವರ್ಷಗಳಿಂದ ಮೊದಲ ವರ್ಷದವರಿಗೆ ಅಂಗರಚನಾಶಾಸ್ತ್ರ ಕಲಿಸುತ್ತಿದ್ದೇನೆ. ನಮ್ಮ ವಿಭಾಗದ ಮರದ ಕಪಾಟಿನಲ್ಲಿ 60ಕ್ಕೂ ಹೆಚ್ಚು ನಿಜವಾದ ಕೆಳದವಡೆಗಳಿವೆ, ಆದರೆ ಅವನ್ನು ಮನೆಗೆ ಒಯ್ಯುವಂತಿಲ್ಲ. ಒಯ್ಯಲೂಬಾರದು. ನಾನು ಓದುವಾಗ ಹಾಸ್ಟೆಲಿನಲ್ಲಿ ಪ್ರತಿಯೊಬ್ಬರ ಮಂಚದ ಕೆಳಗೂ ಹಿರಿಯ ವಿದ್ಯಾರ್ಥಿಗಳಿಂದ ಕೊಂಡ ಎಲುಬುಗಳ ಟ್ರಂಕು ಇರುತ್ತಿತ್ತು. ಆ ಎಲುಬು ಯಾರದ್ದು, ಎಲ್ಲಿಂದ ಬಂತು ಎಂದು ಯಾರೂ ಕೇಳಿದವರಲ್ಲ. 1985ರಲ್ಲಿ ಭಾರತ ಮನುಷ್ಯರ ಎಲುಬಿನ ರಫ್ತನ್ನು ನಿಷೇಧಿಸುವವರೆಗೆ ಹೊರದೇಶಗಳ ಎಷ್ಟೋ ವೈದ್ಯಕೀಯ ಕಾಲೇಜುಗಳ ಅಸ್ಥಿಪಂಜರಗಳು ಕೋಲ್ಕತ್ತದಿಂದ ಹೋದವು. ಆ ವ್ಯಾಪಾರದ ಒಳಗುಟ್ಟು ಓದಿದ ಮೇಲೆ ಪ್ಲಾಸ್ಟಿಕ್ಕಿನ ಮೇಲೆ ನನಗೆ ಒಂದು ಬಗೆಯ ಗೌರವ ಹುಟ್ಟಿದ್ದು ನಿಜ. ಭಾನುವಾರ ಮನೆಗೆ ಬಂದು ಸಂದೇಹ ಕೇಳುವ ಮಕ್ಕಳಿಗಾಗಿ ಇದನ್ನು ತರಿಸಿದೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಬಣ್ಣ ಚೆನ್ನಾಗಿದೆ, ಹಳೆಯ ದಂತದ ಹಾಗೆ ತುಸು ಹಳದಿ. 16 ಹಲ್ಲುಗಳೂ ಕಿತ್ತು ಹಾಕಿ ಮಾಡುವಂತಿವೆ. ಕೂರಿಸಿದರೆ ಅಲ್ಲಾಡುವುದಿಲ್ಲ. ಸಾಬೂನು ಹಾಕಿ ತೊಳೆಯಬಹುದು. ಎರಡನೆಯ ದಿನವೇ ಊಟದ ಮೇಜಿನಿಂದ ಕೆಳಗೆ ಬಿತ್ತು, ಏನೂ ಆಗಲಿಲ್ಲ. ನಿಜವಾದ ದವಡೆ ಆಗಿದ್ದರೆ ಕೀಲಿನ ಗುಂಡು ತುದಿಯ ಕೆಳಗಿನ ಕತ್ತು ಮುರಿದಿರುತ್ತಿತ್ತು. ಬದುಕಿರುವವರಲ್ಲೂ ಹಾಗೆಯೇ: ಬೈಕಿನಿಂದ ಬಿದ್ದು ಗದ್ದ ರಸ್ತೆಗೆ ಬಡಿದರೆ ಪೆಟ್ಟು ಗದ್ದಕ್ಕೆ, ಮುರಿತ ಎಷ್ಟೋ ಸಲ ಕಿವಿಯ ಮುಂದಿನ ಆ ಕತ್ತಿಗೆ.

ಇನ್ನು ಪರೀಕ್ಷೆ. ನಮ್ಮ ವಿಭಾಗದಲ್ಲಿ ದವಡೆ ನೋಡುವ ಸಾಧನ ಹಿಡಿಸೂಡಿ ಕಡ್ಡಿ. ತೆಂಗಿನ ಗರಿಯ ಪೊರಕೆಯನ್ನು ಕರಾವಳಿಯಲ್ಲಿ ನಾವು ಹಿಡಿಸೂಡಿ ಎನ್ನುತ್ತೇವೆ. ಅದರ ಕಡ್ಡಿಯ ತುದಿ ಸಪೂರ, ಬಾಗುತ್ತದೆ, ಎಲುಬನ್ನು ಗೀರುವುದಿಲ್ಲ. ದವಡೆಯ ಹಿಂದಿನ ನೆಟ್ಟಗಿನ ಭಾಗದ ಒಳಮುಖದಲ್ಲಿ ಒಂದು ರಂಧ್ರವಿದೆ. ಕೆಳಹಲ್ಲುಗಳ ನರ ಎಲುಬಿನೊಳಗೆ ಹೊಗುವುದು ಅಲ್ಲಿಂದ. ಒಳಗಿನ ನಾಳದಲ್ಲಿ ಹಲ್ಲುಗಳ ಬೇರಿನ ಕೆಳಗೇ ಸಾಗಿ, ಮುಂದೆ ಗದ್ದದ ಪಕ್ಕದ ಇನ್ನೊಂದು ರಂಧ್ರದಿಂದ ಅದರ ಒಂದು ಕವಲು ಹೊರಬಂದು ಕೆಳತುಟಿಗೆ ಹೋಗುತ್ತದೆ. ನಿಜವಾದ ಎಲುಬಿನಲ್ಲಿ ಹಿಂದಿನ ರಂಧ್ರಕ್ಕೆ ಕಡ್ಡಿ ತೂರಿಸಿದರೆ ಅದು ಬಾಗುತ್ತಾ ಒಳಗೆ ಹೋಗುವುದು ಬೆರಳಿಗೆ ಗೊತ್ತಾಗುತ್ತದೆ. ಈ ಮಾದರಿಯಲ್ಲಿ ಕಡ್ಡಿ ಅರ್ಧ ಸೆಂಟಿಮೀಟರ್ ಹೋಗಿ ಗೋಡೆಗೆ ಗುದ್ದಿತು. ಅದು ರಂಧ್ರವಲ್ಲ, ಗುಳಿ. ಒಳಗೆ ಕಪ್ಪು ಬಣ್ಣ ಬಳಿದು ಆಳ ಇದೆಯೆಂಬ ಭ್ರಮೆ ಹುಟ್ಟಿಸಿದ್ದಾರೆ. ಮುಂದಿನದ್ದೂ ಅಷ್ಟೇ. 2,340 ರೂಪಾಯಿಗೆ ನರವೇ ಇಲ್ಲದ ದವಡೆ!

ಇದು ಸಣ್ಣ ತಕರಾರು ಎನ್ನಿಸಬಹುದು. ದೊಡ್ಡದು ಮುಂದಿದೆ.

ಮುಂದಿನ ರಂಧ್ರದ ಹೆಸರು ಮೆಂಟಲ್ ಫೊರಾಮೆನ್. ತರಗತಿಯಲ್ಲಿ ಈ ಹೆಸರು ಬಂದ ದಿನ ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ, 22 ವರ್ಷಗಳಲ್ಲಿ ಒಂದು ವರ್ಷವೂ ತಪ್ಪಿಲ್ಲ. ಲ್ಯಾಟಿನ್ನಿನಲ್ಲಿ ಮೆಂಟಮ್ ಎಂದರೆ ಗದ್ದ, ಹುಚ್ಚಿಗೂ ಇದಕ್ಕೂ ಸಂಬಂಧವಿಲ್ಲ ಎಂದು ನಾನೂ ಪ್ರತಿ ವರ್ಷ ಹೇಳುತ್ತೇನೆ. ಕೋರೆಹಲ್ಲಿನ ಹಿಂದೆ ಎರಡು ಸಣ್ಣ ದವಡೆಹಲ್ಲುಗಳಿರುತ್ತವಲ್ಲ, ನಮ್ಮ ದೇಶದವರಲ್ಲಿ ಈ ರಂಧ್ರ ಹೆಚ್ಚಾಗಿ ಅವುಗಳ ಪೈಕಿ ಎರಡನೆಯದರ ನೇರ ಕೆಳಗೆ ಸಿಗುತ್ತದೆ. ಯುರೋಪಿನವರ ದವಡೆ ನೋಡಿ ಬರೆದ ಪುಸ್ತಕಗಳು ಎರಡು ಹಲ್ಲುಗಳ ನಡುವೆ ಎನ್ನುತ್ತವೆ. ನನ್ನ ಮಾದರಿಯಲ್ಲಿ ಸರಿಯಾಗಿ ನಡುವೆ ಇದೆ. ಅಂದರೆ ಈ ದವಡೆಯವರು ಯಾವ ಊರಿನವರೆಂದು ಊಹಿಸಬಹುದು.

ನಮ್ಮ ಕಪಾಟಿನಲ್ಲಿ ನೋಡಿದರೆ ಈ ರಂಧ್ರ ಒಬ್ಬರಲ್ಲಿ ಮುಂದೆ, ಇನ್ನೊಬ್ಬರಲ್ಲಿ ಮೊದಲ ದೊಡ್ಡ ದವಡೆಹಲ್ಲಿನ ಬೇರಿನವರೆಗೂ ಹಿಂದೆ. ಒಂದು ದವಡೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ಎಂಬ ಲೆಕ್ಕವೂ ತಪ್ಪುತ್ತದೆ: ಬಲಗಡೆ ದೊಡ್ಡ ರಂಧ್ರದ ಹಿಂದೆ ಸಾಸಿವೆ ಕಾಳಿನಷ್ಟು ಇನ್ನೊಂದು. ಅದು ಎಲುಬಿನಲ್ಲಿ ಸಹಜವಾಗಿ ಇರುವ ಚಿಲ್ಲರೆ ತೂತೋ, ನರದ ಕವಲು ಹೊರಬರುವ ನಿಜವಾದ ಹೆಚ್ಚುವರಿ ರಂಧ್ರವೋ ಎಂದು ತಿಳಿಯಬೇಕಾದರೆ ಕಡ್ಡಿ ನಾಳದವರೆಗೆ ಇಳಿಯುತ್ತದೆಯೇ ನೋಡಬೇಕು. ಇಳಿದರೆ, ಬದುಕಿದ್ದಾಗ ಆ ವ್ಯಕ್ತಿಯ ತುಟಿಗೋ ಒಸಡಿಗೋ ಎರಡು ದಾರಿಯಲ್ಲಿ ನರ ಹೋಗುತ್ತಿತ್ತು. ಒಸಡನ್ನು ಬಿಡಿಸಿ ಎಲುಬು ತೆರೆಯುವ ಶಸ್ತ್ರವೈದ್ಯ ಮೊದಲನೆಯದನ್ನು ಜೋಪಾನ ಮಾಡಿ ಎರಡನೆಯದನ್ನು ಕಾಣದೆ ಕತ್ತರಿಸಿದರೆ, ಅಷ್ಟು ಜಾಗ ಮರಗಟ್ಟಿ ಕೂರುತ್ತದೆ. ಇನ್ನೊಂದು ಫಜೀತಿ ಎಕ್ಸ್-ರೇಯಲ್ಲಿ. ರಂಧ್ರದ ಕಪ್ಪು ಚುಕ್ಕೆ ಹಲ್ಲಿನ ಬೇರಿನ ತುದಿಗೆ ಸರಿಯಾಗಿ ಬಂದು ಕೂತರೆ ಕೀವಿನ ಗುಳಿಯಂತೆ ಕಾಣುತ್ತದೆ. ಗಟ್ಟಿಮುಟ್ಟಾದ ಹಲ್ಲಿಗೆ ಬೇರಿನ ಚಿಕಿತ್ಸೆ ಮಾಡಿಬಿಡುವ ಅಪಾಯವಿರುವುದು ಇಲ್ಲಿ.

ನಾಳವು ರಂಧ್ರಕ್ಕೆ ಬರುವ ಮುನ್ನ ಸ್ವಲ್ಪ ಮುಂದೆ ಹೋಗಿ ಕುಣಿಕೆಯಂತೆ ಹಿಂದಕ್ಕೆ ತಿರುಗುವುದೂ ಉಂಟು. ಕೆಲವರಲ್ಲಿ ಅದು ಇಲ್ಲವೇ ಇಲ್ಲ, ಕೆಲವರಲ್ಲಿ ಹಲವು ಮಿಲಿಮೀಟರ್. ಹೋದ ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ತಿರುಪು ಕೂರಿಸುವವರು ಹೊರಗಿನ ರಂಧ್ರ ನೋಡಿ ‘ಇದರ ಮುಂದೆ ಭಯವಿಲ್ಲ’ ಎಂದು ಕೊರೆದರೆ ಕುಣಿಕೆಗೇ ಕೊರೆದಂತೆ. ಎಲ್ಲಕ್ಕಿಂತ ಹೆಚ್ಚಾಗಿ ಕಲಿಸಬೇಕಾದ ಈ ಸಂಗತಿಯನ್ನು ಒಳಗೆ ಪೊಳ್ಳೇ ಇಲ್ಲದ ಈ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹೇಗೆ ತೋರಿಸಲಿ?

ವಯಸ್ಸಿನ ಮಾತು ಇನ್ನೊಂದು. ಮಗುವಿನ ದವಡೆಯಲ್ಲಿ ಈ ರಂಧ್ರ ಕೆಳಅಂಚಿನ ಹತ್ತಿರ ಇರುತ್ತದೆ, ರಂಧ್ರದ ಬಾಯಿ ಮುಂದಕ್ಕೆ. ಬೆಳೆದವರಲ್ಲಿ ಮೇಲಂಚು ಕೆಳಂಚುಗಳ ನಡುಮಧ್ಯ, ಬಾಯಿ ಹಿಂದಕ್ಕೂ ಮೇಲಕ್ಕೂ ತಿರುಗಿರುತ್ತದೆ. ಹಲ್ಲು ಪೂರ್ತಿ ಉದುರಿದವರಲ್ಲಿ ಹಲ್ಲು ಹಿಡಿದಿದ್ದ ಎಲುಬು ವರ್ಷ ಕಳೆದಂತೆ ಕರಗಿ, ರಂಧ್ರ ಮೇಲಂಚಿಗೇ ಬಂದು ನಿಲ್ಲುತ್ತದೆ. ರಂಧ್ರ ಏರುವುದಿಲ್ಲ, ಎಲುಬು ಇಳಿಯುತ್ತದೆ. ಇದನ್ನು ನಾನು ನೂರಾರು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೆ. ನಮ್ಮ ಮನೆಯಲ್ಲೇ ನಡೆದಾಗ ಗುರುತು ಹಿಡಿಯಲು ಮಾತ್ರ ನಾಲ್ಕು ತಿಂಗಳು ಬೇಕಾಯಿತು.

ಅಮ್ಮನಿಗೆ 81. ಹಲ್ಲಿನ ಸೆಟ್ಟು ಹಾಕಿಸಿಕೊಂಡು ಬಹಳ ವರ್ಷವಾಗಿದೆ. ಕಳೆದ ವರ್ಷ ಊಟಕ್ಕೆ ಕುಳಿತಾಗಲೆಲ್ಲ ‘ಕರೆಂಟು ಹೊಡೆದ ಹಾಗಾಗುತ್ತದೆ ಮಗಳೇ’ ಎಂದು ಎಡಗದ್ದ ಹಿಡಿದುಕೊಳ್ಳತೊಡಗಿದರು. ಚಕ್ಕುಲಿ ಬಿಟ್ಟರು, ಆಮೇಲೆ ಚಪಾತಿ ಬಿಟ್ಟರು, ಕೊನೆಗೆ ನೀರುದೋಸೆಯನ್ನೂ ಸಾರಿನಲ್ಲಿ ಅದ್ದಿ ನುಂಗುವುದೇ ಆಯಿತು. ಹತ್ತಿರದ ದವಾಖಾನೆಯೊಂದರಲ್ಲಿ ಮೂರು ಸಲ ಸೆಟ್ಟಿನ ಅಂಚು ಉಜ್ಜಿ ಕೊಟ್ಟರು, ಎಕ್ಸ್-ರೇ ಒಂದು ಸಲವೂ ತೆಗೆಯಲಿಲ್ಲ. ನಾನೂ ‘ವಯಸ್ಸಾಯಿತಲ್ಲ, ಒಸಡು ಸವೆದಿದೆ’ ಎಂದು ಸುಮ್ಮನಿದ್ದೆ. ಒಂದು ಸಂಜೆ ಸೆಟ್ಟು ತೆಗೆಸಿ ಬೆರಳಿನಿಂದ ಒಸಡಿನ ದಿಣ್ಣೆಯ ಮೇಲೆ ಮೆಲ್ಲಗೆ ಒತ್ತುತ್ತಾ ಹೋದೆ. ಒಂದು ಜಾಗಕ್ಕೆ ಬಂದಾಗ ಅಮ್ಮ ನನ್ನ ಕೈ ಕಿತ್ತೆಸೆದರು. ತುಟಿಯವರೆಗೆ ಜುಮ್ಮೆಂದಿತಂತೆ. ರಂಧ್ರ ದಿಣ್ಣೆಯ ನೆತ್ತಿಯಲ್ಲೇ ಬಾಯಿ ತೆರೆದು ಕೂತಿತ್ತು, ಸೆಟ್ಟು ಪ್ರತಿ ತುತ್ತಿಗೂ ನರವನ್ನೇ ಜಗಿಯುತ್ತಿತ್ತು. ಸೆಟ್ಟಿನ ಒಳಗೆ ಅಷ್ಟು ಜಾಗದಲ್ಲಿ ಮಾತ್ರ ಕೆರೆದು, ಮೆತ್ತನೆಯ ಒಳಪದರ ಹಾಕಿಸಿದ ಮೇಲೆ ಸರಿಹೋಯಿತು. ಮೊನ್ನೆ ಅಷ್ಟಮಿಗೆ ಚಕ್ಕುಲಿ ತಿಂದರು. ಪುಡಿ ಮಾಡಿಕೊಂಡು ತಿಂದರು, ಆದರೂ ತಿಂದರು.

ಮಾದರಿಗೆ ಮರಳುತ್ತೇನೆ. ನರ ಹೊಗುವ ಹಿಂದಿನ ರಂಧ್ರದ ಬಾಗಿಲಲ್ಲಿ ಎಲುಬಿನ ಒಂದು ಚಿಕ್ಕ ನಾಲಿಗೆ ಇದೆ, ಹೆಸರೂ ಅದೇ ಅರ್ಥದ ಲಿಂಗುಲಾ. ಭಾರತದ 165 ದವಡೆಗಳನ್ನು ನೋಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದರ ನಾಲ್ಕು ಆಕಾರಗಳನ್ನು ಎಣಿಸಿತ್ತು: ತ್ರಿಕೋನ, ತುದಿ ಕತ್ತರಿಸಿದಂಥದ್ದು, ಗಂಟಿನಂಥದ್ದು, ಮತ್ತು ಎಲುಬಿನಲ್ಲೇ ಕರಗಿಹೋದದ್ದು. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ತ್ರಿಕೋನವೇ. ಮಾದರಿಯಲ್ಲೂ ತ್ರಿಕೋನವೇ ಇದೆ, ಚೂಪಾಗಿ, ಸೊಗಸಾಗಿ. ಆದರೆ ಗದ್ದ ಮುಂದೆ ಚಾಚಿದವರ ಅಥವಾ ಹಿಂದೆ ಸರಿದವರ ದವಡೆಯನ್ನು ಎರಡು ಹಾಳೆಗಳಂತೆ ಸೀಳಿ ಸರಿಸಿ ಕೂಡಿಸುವ ಶಸ್ತ್ರಚಿಕಿತ್ಸೆಯಿದೆಯಲ್ಲ, 1957ರಲ್ಲಿ ಟ್ರೌನರ್ ಮತ್ತು ಒಬ್ವೆಗೆಸರ್ ಎಂಬ ಶಸ್ತ್ರವೈದ್ಯರು ಲೋಕಕ್ಕೆ ಪರಿಚಯಿಸಿದ್ದು, ಅದರಲ್ಲಿ ಒಳಗಿನ ಅಡ್ಡಗೀಟು ಹಾಕುವುದು ಈ ನಾಲಿಗೆಯ ಸ್ವಲ್ಪ ಮೇಲೆ. ನಾಲಿಗೆಯೇ ಕರಗಿಹೋದ ದವಡೆಯಲ್ಲಿ ಗುರುತು ಎಲ್ಲಿ ಸಿಗಬೇಕು? ಈ ಶಸ್ತ್ರಚಿಕಿತ್ಸೆ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಾಗ ಈ ಮಾದರಿಯನ್ನು ತಿರುಗಿಸಿ ನೋಡಿ, ‘ಮೇಡಂ, ಇಷ್ಟು ಚಂದದ ಲಿಂಗುಲಾ ಇರುವ ರೋಗಿ ನನಗೆ ಯಾವತ್ತು ಸಿಗುತ್ತಾರೋ’ ಎಂದಳು.

ಅವಳೇ ಹೇಳಿದ ಇನ್ನೊಂದು ಸಂಗತಿ. ಕೆಳಗಿನ ಬುದ್ಧಿಹಲ್ಲು ಕೀಳಿಸಿಕೊಳ್ಳಲು ಬಂದ ಒಬ್ಬರಿಗೆ ಸೂಜಿ ಹಾಕಿ ಹತ್ತು ನಿಮಿಷ ಕಳೆದರೂ, ತುಟಿ ದಪ್ಪಗಾಗಿದೆ ಎನ್ನುತ್ತಾರೆ, ಹಲ್ಲು ಮುಟ್ಟಿದರೆ ಮಾತ್ರ ನೋವು. ಎರಡನೆಯ ಸೂಜಿಗೂ ಅಷ್ಟೇ. ಹೀಗಾದಾಗ ರೋಗಿ ಹೆದರುಪುಕ್ಕಲು ಎಂದು ಷರಾ ಬರೆಯುವವರಿದ್ದಾರೆ. ಅವಳು ನಿಲ್ಲಿಸಿ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿಸಿದಳು. ನಾಳ ಒಂದಲ್ಲ, ಎರಡು. ಮುಖ್ಯ ನಾಳದಿಂದ ಕವಲೊಡೆದ ಸಪೂರ ನಾಳವೊಂದು ಬುದ್ಧಿಹಲ್ಲಿನ ಹಿಂದಿನ ಎಲುಬಿನತ್ತ ಹೊರಟಿತ್ತು. ಇಂಥ ಕವಲು ನಾಳ ಬಾಯಿಪೂರ್ತಿ ತೆಗೆಯುವ ಮಾಮೂಲಿ ಎಕ್ಸ್-ರೇಯಲ್ಲಿ ಬಹಳ ಅಪರೂಪ ಎಂದೇ ನಾವು ಓದಿದ್ದೆವು. ಮೂರು ಆಯಾಮದ ಸ್ಕ್ಯಾನ್ ಬಂದ ಮೇಲೆ ಅಷ್ಟೇನೂ ಅಪರೂಪವಲ್ಲ ಎಂದು ಗೊತ್ತಾಯಿತು. ಅಂಥವರಿಗೆ ಸೂಜಿಯನ್ನು ಇನ್ನೂ ಮೇಲೆ, ಕೀಲಿನ ಕತ್ತಿನ ಹತ್ತಿರ ಕೊಡುವ ಉಪಾಯವೊಂದಿದೆ. ಗೌ-ಗೇಟ್ಸ್ ಎಂಬ ಆಸ್ಟ್ರೇಲಿಯಾದ ದಂತವೈದ್ಯರು 1973ರಲ್ಲಿ ಬರೆದದ್ದು. ನರ ಕವಲೊಡೆಯುವ ಮುನ್ನವೇ ಅದನ್ನು ಮಲಗಿಸುವುದು ಅದರ ಸೂತ್ರ. ಆ ರೋಗಿಗೆ ಅದು ಕೆಲಸ ಮಾಡಿತಂತೆ. ಬುದ್ಧಿಹಲ್ಲಿನ ಬೇರು ನಾಳವನ್ನು ತಬ್ಬಿಕೊಂಡೇ ಬೆಳೆದಿದ್ದರೆ, ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ಬೇರನ್ನು ಅಲ್ಲೇ ಬಿಡುವುದೂ ಉಂಟು. ಬೇರು ಬಿಟ್ಟರು ಎಂದು ವೈದ್ಯರ ಮೇಲೆ ಸಿಟ್ಟಾಗುವ ಮುನ್ನ ಕಾರಣ ಕೇಳಿ. ಬಿಟ್ಟದ್ದು ನಿಮ್ಮ ತುಟಿಯ ಸ್ಪರ್ಶಕ್ಕಾಗಿ ಇರಬಹುದು.

ಮಾದರಿಯ ಒಳಮುಖದಲ್ಲಿ ಗದ್ದದ ಹಿಂದೆ ನಾಲ್ಕು ಸಣ್ಣ ಮುಳ್ಳುಗಳನ್ನು ಶ್ರದ್ಧೆಯಿಂದ ಕೆತ್ತಿದ್ದಾರೆ, ಅವುಗಳ ಮೇಲಿರುವ ಸೂಜಿಮೊನೆಯ ರಂಧ್ರವನ್ನು ಮರೆತಿದ್ದಾರೆ. ಸಣ್ಣ ರಕ್ತನಾಳವೊಂದು ಅದರ ಮೂಲಕ ಹೋಗುತ್ತದೆ. ಗದ್ದದ ನಡುವೆ ಇಂಪ್ಲಾಂಟ್ ಕೊರೆಯುವವರು ಒಳಗೋಡೆ ದಾಟಿ ಅಲ್ಲಿನ ರಕ್ತನಾಳ ಹರಿದರೆ, ನಾಲಿಗೆಯ ಕೆಳಗೆ ರಕ್ತ ತುಂಬಿ, ನಾಲಿಗೆ ಮೇಲೆದ್ದು, ಉಸಿರೇ ಕಟ್ಟುವ ಸ್ಥಿತಿ ಬರಬಹುದು. ಹಿಂದಿನ ದೊಡ್ಡ ಹಲ್ಲುಗಳ ಕೆಳಗೆ, ಜೊಲ್ಲುಗ್ರಂಥಿ ಕೂರುವ ತಗ್ಗೂ ಇದರಲ್ಲಿ ತಟ್ಟೆಯಷ್ಟು ಚಪ್ಪಟೆ. ನಮ್ಮ ಕಪಾಟಿನ ಒಂದು ದವಡೆಯಲ್ಲಿ ಆ ತಗ್ಗು ಎಷ್ಟು ಆಳವೆಂದರೆ ಹೆಬ್ಬೆರಳ ತುದಿ ಕೂರುತ್ತದೆ. ನೇರ ಕೆಳಗೆ ಕೊರೆದರೆ ತಿರುಪು ಗಾಳಿಗೆ ಬರುತ್ತದೆ.

ಮೇಲ್ತುದಿಯ ಕೊರೊನಾಯ್ಡ್ ಚಾಚಿಗೆ ಮಾತ್ರ ಪೂರ್ತಿ ಅಂಕ. ಗ್ರೀಕಿನಲ್ಲಿ ಕಾಗೆಯ ಹೆಸರಿನಿಂದ ಬಂದ ಪದ. ಇದರಲ್ಲಿ ನಿಜಕ್ಕೂ ಕೊಕ್ಕಿನಂತೆ ಬಾಗಿದೆ. ಎಷ್ಟೋ ಜನರಲ್ಲಿ ಅದು ಬರೀ ತ್ರಿಕೋನ, ಕೆಲವರಲ್ಲಿ ಮೊಂಡು. ನಮ್ಮ ಜಿಲ್ಲೆಯವರಿಗೆ ಈ ಕೊಕ್ಕಿನ ಮಾತು ದೂರದ್ದಲ್ಲ. ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಗೆಲ್ಲ ನಾರುಗಟ್ಟಿ, ಬಾಯಿಗೆ ಎರಡು ಬೆರಳೂ ಹೋಗದೆ ಬರುವವರಿದ್ದಾರೆ. ನಾರು ಬಿಡಿಸಿದ ಮೇಲೂ ಬಾಯಿ ಸಾಕಷ್ಟು ತೆರೆಯದಿದ್ದರೆ ಎರಡೂ ಕಡೆಯ ಈ ಕೊಕ್ಕನ್ನು ಕತ್ತರಿಸಿ ತೆಗೆಯುತ್ತಾರೆ. ಹಾಗೆ ತೆಗೆದ ತುಂಡು ವ್ಯರ್ಥವಲ್ಲದ ಎಲುಬು. ಕಣ್ಣುಗುಳಿಯ ನೆಲ ಮುರಿದವರಿಗೆ ಅವರದೇ ದವಡೆಯ ಈ ತುಂಡನ್ನು ತೇಪೆಯಾಗಿ ಇಡುವುದುಂಟು. ಅಡಿಕೆ ಬೆಳೆಯುವ ಮನೆಯಲ್ಲೇ ಹುಟ್ಟಿದವಳಾದ್ದರಿಂದ ಇದನ್ನು ಕಲಿಸುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ.

ನನ್ನ ದೊಡ್ಡ ತಕರಾರು ಈಗ ಹೇಳುತ್ತೇನೆ. ಎಡ ಮತ್ತು ಬಲ ಪಕ್ಕಗಳನ್ನು ಅಳತೆಪಟ್ಟಿ ಹಿಡಿದು ನೋಡಿದೆ. ಎಲ್ಲಿಂದ ಎಲ್ಲಿಗೆ ಅಳೆದರೂ ಒಂದೇ. ಯಾರದ್ದೋ ಅರ್ಧ ದವಡೆಯನ್ನು ಕಂಪ್ಯೂಟರಿನಲ್ಲಿ ಕನ್ನಡಿ ಹಿಡಿದು ಪೂರ್ತಿ ಮಾಡಿದ್ದಾರೆ ಎಂದು ನನ್ನ ಅನುಮಾನ. ಒಂದೇ ಪಕ್ಕದಲ್ಲಿ ಜಗಿಯುವ ಅಭ್ಯಾಸವಿಲ್ಲದ, ಒಂದು ಹಲ್ಲೂ ಕೀಳಿಸಿಕೊಳ್ಳದ, ಎಂದೂ ಬೀಳದ ಮನುಷ್ಯ ಇವನು. ಇವನನ್ನು ನೋಡಿ ಕಲಿತ ಹುಡುಗ ಹೆಸರುಗಳನ್ನು ಚೆನ್ನಾಗಿ ಕಲಿಯುತ್ತಾನೆ, ಹುಡುಕುವುದನ್ನು ಕಲಿಯುವುದಿಲ್ಲ. ರಂಧ್ರ ಇರಬೇಕಾದಲ್ಲೇ ಇರುತ್ತದೆ ಎಂಬ ನಂಬಿಕೆಯೊಂದು ಕೈಗೆ ಕೂತುಬಿಡುತ್ತದೆ.

ಮಾರಿದವರಿಗೆ ಬರೆದೆ. ಐದು ದವಡೆಗಳ ಕಟ್ಟು ಮಾಡಿ: ಒಂದು ಮಗುವಿನದ್ದು, ಒಂದು ಹಲ್ಲಿಲ್ಲದ ಮುದುಕಿಯದ್ದು, ಒಂದು ಕವಲು ನಾಳದ್ದು, ಒಂದು ಹೆಚ್ಚುವರಿ ರಂಧ್ರದ್ದು, ಒಂದು ಸಾಧಾರಣದ್ದು. ಬೆಲೆ ಹೆಚ್ಚಾದರೂ ಕಾಲೇಜುಗಳು ಕೊಳ್ಳುತ್ತವೆ. ಎರಡು ದಿನದ ಮೇಲೆ ಉತ್ತರ ಬಂತು: ಮಾದರಿಯಲ್ಲಿ ದೋಷವಿದ್ದರೆ ಏಳು ದಿನದೊಳಗೆ ಹಿಂದಿರುಗಿಸಬಹುದು, ದೋಷದ ಫೋಟೋ ಕಳುಹಿಸಿ. ದೋಷವೇ ಇಲ್ಲದ್ದು ದೋಷ ಎಂದು ಯಾವ ಫೋಟೋದಲ್ಲಿ ತೋರಿಸಲಿ?

ಹಳೆಯ ವಿದ್ಯಾರ್ಥಿನಿ ಒಂದು ಮುದ್ರಿತ ದವಡೆ ತಂದುಕೊಟ್ಟಿದ್ದಾಳೆ. ಅವರ ಆಸ್ಪತ್ರೆಯಲ್ಲಿ ಕಷ್ಟದ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಸ್ಕ್ಯಾನಿನಿಂದ ಅವರದೇ ದವಡೆಯನ್ನು ಯಂತ್ರದಲ್ಲಿ ಮುದ್ರಿಸಿ, ಅದರ ಮೇಲೆ ಲೋಹದ ಪಟ್ಟಿಯನ್ನು ಮೊದಲೇ ಬಗ್ಗಿಸಿಟ್ಟುಕೊಳ್ಳುತ್ತಾರೆ. ರೋಗಿಯ ಒಪ್ಪಿಗೆ ಪಡೆದು, ಹೆಸರಿಲ್ಲದೆ ಒಂದು ಪ್ರತಿ ನನಗೆ. ನೋಡಲು ಒರಟು, ಪದರಪದರ ಗೆರೆಗಳು, ಬಿಳಿ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಬಲಗಡೆಯ ಕೋನ ಎಡಕ್ಕಿಂತ ಅಗಲ, ಎಡಗಡೆ ಒಂದು ಹಲ್ಲಿನ ಜಾಗ ಖಾಲಿ. ಹಿಡಿಸೂಡಿ ಕಡ್ಡಿ ಹಿಂದಿನ ರಂಧ್ರದಲ್ಲಿ ಹೊಕ್ಕು ಮೂರು ಸೆಂಟಿಮೀಟರ್ ಹೋಯಿತು. ಭಾನುವಾರದ ಮಕ್ಕಳು ಮೊದಲು ಕೈ ಹಾಕುವುದು ಈಗ ಅದಕ್ಕೆ.

ಹಾಗಾದರೆ 2,340 ರೂಪಾಯಿಯದ್ದನ್ನು ಕೊಳ್ಳಬಹುದೇ? ಮೊದಲ ವರ್ಷದ ವಿದ್ಯಾರ್ಥಿ ಹೆಸರು ಬಾಯಿಪಾಠ ಮಾಡಲು, ದವಾಖಾನೆಯವರು ರೋಗಿಗೆ ‘ಇಲ್ಲಿ ಹಲ್ಲು, ಇಲ್ಲಿ ನರ’ ಎಂದು ತೋರಿಸಲು ಧಾರಾಳವಾಗಿ ಕೊಳ್ಳಬಹುದು. ಜೊತೆಗೆ ಬರುವ ಅಂಟುಚೀಟಿಗಳಲ್ಲಿ 14 ಮತ್ತು 17 ಅದಲುಬದಲಾಗಿವೆ, ಸರಿಪಡಿಸಿಕೊಳ್ಳಿ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬೇಡ.

ನಾನು ಹಿಂದಿರುಗಿಸಲಿಲ್ಲ. ಪಕ್ಕದ ಮನೆಯ ಬಡಗಿಯಿಂದ ಸಣ್ಣ ಡ್ರಿಲ್ ತಂದು, ಬಲಗಡೆಯ ಮೆಂಟಲ್ ಫೊರಾಮೆನ್ ಹಿಂದೆ ಸಾಸಿವೆಯಷ್ಟು ಇನ್ನೊಂದು ರಂಧ್ರ ಕೊರೆದು, ಒಳಗೆ ಕಪ್ಪು ಬಣ್ಣ ತುಂಬಿದೆ. ಆಂತರಿಕ ಪರೀಕ್ಷೆಯ ದಿನ ಅದನ್ನೇ ಮೇಜಿನ ಮೇಲಿಟ್ಟು ಏನೇನು ಕಾಣುತ್ತದೆ ಹೇಳಿ ಎಂದೆ. ಒಂಬತ್ತು ಜನ ಎಲ್ಲ ಹೆಸರುಗಳನ್ನೂ ಸರಿಯಾಗಿ ಹೇಳಿದರು, ಆ ರಂಧ್ರದ ಮೇಲಿಂದ ಬೆರಳು ಜಾರಿಸಿಕೊಂಡು ಹೋದರು. ಹತ್ತನೆಯವಳು ಮಾತ್ರ ಅಲ್ಲಿ ಬೆರಳು ನಿಲ್ಲಿಸಿದಳು. ತಿರುಗಿಸಿದಳು, ಬೆಳಕಿಗೆ ಹಿಡಿದಳು, ಎಡಗಡೆ ನೋಡಿದಳು, ಮತ್ತೆ ಬಲಗಡೆ ನೋಡಿದಳು. ನನ್ನ ಮುಖ ಅರಳಿತು. ‘ಮೇಡಂ,’ ಎಂದಳು, ‘ಇಲ್ಲಿ ತೂತು ಬಿದ್ದಿದೆ. ಕಂಪನಿಗೆ ವಾಪಸ್ ಕಳುಹಿಸಬಹುದು.’